ಒಳಕ್ಕೆ ಬಾಗಿದ ಕಂಬಗಳು

ಆಸ್ಪತ್ರೆಯ ಹಿರಿಯ ಸಿಸ್ಟರ್ ಎರಡು ಬೆಡ್‌ಶೀಟುಗಳನ್ನು ಮೇಜಿನ ಮೇಲೆ ಹರವಿ, ಕಂದು ಗೆರೆಯೊಂದರ ಮೇಲೆ ಬೆರಳಿಟ್ಟು, "ಇದೇನಮ್ಮ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಅವನ್ನು ಒಗೆದು ತಂದಿದ್ದ ಅತ್ತೆ ಸರಿಸಮಕ್ಕೆ ನಿಂತು ಉತ್ತರ ಕೊಡುತ್ತಿದ್ದರು. ಮೆಲ್ಲಗೆ ಕೇಳಿದವರ ಮುಂದೆ ಅವರ ಬಾಯಿ ಕಟ್ಟಿಹೋಗುತ್ತಿತ್ತು.

"ತುಕ್ಕು ಸಿಸ್ಟರ್," ಎಂದರು. "ಬೇಲೀದು."

"ಹೋದ ತಿಂಗಳೂ ಬೇಲೀದೇ ಆಗಿತ್ತು. ಮಲಗಿದವರ ಕಡೆಯವರು ಇದನ್ನ ರಕ್ತ ಅಂತಾರೆ. ಒಬ್ಬೊಬ್ಬರಿಗೂ ತುಕ್ಕು ತುಕ್ಕು ಅಂತ ನಾನು ಹೇಳ್ಕೊಂಡು ತಿರುಗ್ಲಾ? ಇನ್ನೊಂದು ಸಲ ಕಂಡ್ರೆ ಮಷೀನ್ ಲಾಂಡ್ರಿಯವರಿಗೆ ಕೊಟ್ಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಬಾಗಿಲ ಬಳಿ ಗಂಟು ಹಿಡಿದು ನಿಂತಿದ್ದ ಸೊಸೆ ಕತ್ತು ಚಾಚಿ ಆ ಗೆರೆಯನ್ನು ನೋಡಿದಳು. ಅವಳನ್ನು ಮನೆಯಲ್ಲಿ ಚುಕ್ಕಿ ಎಂದು ಕರೆಯುತ್ತಿದ್ದರು. ಮಾವ ಇಟ್ಟ ಹೆಸರು. ಬಟ್ಟೆಯ ಮೇಲೆ ಸಾಸಿವೆಯಷ್ಟು ಕಲೆ ಇದ್ದರೂ ಮೂರು ಮಾರು ದೂರದಿಂದ ಅವಳ ಕಣ್ಣಿಗೆ ಬೀಳುತ್ತಿತ್ತು. ಈ ಎರಡು ಶೀಟುಗಳು ಅವಳು ಜ್ವರ ಬಂದು ಮಲಗಿದ್ದ ದಿನದವು. ಅಂದು ಮಡಚಿದ್ದು ಮಾವ. ಮಾವನ ಕನ್ನಡಕ ಮೂಗಿನ ಮೇಲಿಗಿಂತ ಇಸ್ತ್ರಿ ಮೇಜಿನ ಮೇಲೆ ಇರುತ್ತಿದ್ದುದೇ ಹೆಚ್ಚು.

ಮನೆಮನೆಗೆ ವಾಷಿಂಗ್ ಮಷೀನು ಬಂದ ಮೇಲೆ ಅವರಿಗೆ ಉಳಿದಿದ್ದ ದೊಡ್ಡ ಕೆಲಸ ಆ ಆಸ್ಪತ್ರೆಯದೊಂದೇ. ದಿನಕ್ಕೆ ನಲವತ್ತು ಶೀಟು, ಅಷ್ಟೇ ದಿಂಬಿನ ಚೀಲ. ಅದು ಕೈಬಿಟ್ಟರೆ ತೊಟ್ಟಿ ಒಣಗಿದಂತೆ. ಅತ್ತೆ ತೊಟ್ಟಿಯ ಮುಂದೆ ನಿಂತು ಮೂವತ್ತು ವರ್ಷ ಆಗಿತ್ತು. ಬೇರೆ ಕೆಲಸ ಮಾಡಿ ಎಂದರೆ ಅವರ ಕೈಗಳು ಏನು ಮಾಡುತ್ತಿದ್ದವು ಎಂದು ಚುಕ್ಕಿಗೆ ಯೋಚಿಸಲೂ ಆಗುತ್ತಿರಲಿಲ್ಲ.

ತಪ್ಪು ಒಗೆತದ್ದಲ್ಲ, ಜಾಗದ್ದು. ರಸ್ತೆ ಅಗಲ ಮಾಡುವಾಗ ಹಿತ್ತಲು ಹೋಗಿತ್ತು. ಮೊದಲು ಹನ್ನೆರಡು ಹಗ್ಗ ಕಟ್ಟುತ್ತಿದ್ದ ಜಾಗದಲ್ಲಿ ಈಗ ಒಬ್ಬರು ನಡೆಯುವಷ್ಟು ಅಗಲದ, ಐವತ್ತು ಅಡಿ ಉದ್ದದ ಓಣಿ ಉಳಿದಿತ್ತು. ಅದರ ಅಂಚಿಗೆ ರಸ್ತೆಯವರು ನೆಟ್ಟುಹೋದ ತಂತಿ ಬೇಲಿ. ಬಿಸಿಲು ಬೀಳುತ್ತಿದ್ದದ್ದು ಆ ಬೇಲಿಯ ಮೇಲೆ ಮಾತ್ರ. ಹಾಗಾಗಿ ಬೇಲಿಯೇ ಹಗ್ಗವಾಯಿತು. ಎರಡು ವರ್ಷ ಒದ್ದೆ ಬಟ್ಟೆ ಹೊತ್ತ ತಂತಿ ತುಕ್ಕು ಹಿಡಿಯಿತು.

"ಬೇಲಿ ಬದಲಿಸ್ಬೇಕು," ಎಂದರು ಅತ್ತೆ ದಾರಿಯಲ್ಲಿ. "ಅಲ್ಲೀತನಕ ಕೋಣೆ ಒಳಗೇ ಒಣಗಿಸೋಣ. ಮುಗ್ಗುಲು ವಾಸನೆ ಬಂದ್ರೂ ಪರವಾಗಿಲ್ಲ, ಇಸ್ತ್ರಿ ಹಾಕಿದ್ರೆ ಹೋಗುತ್ತೆ. ಕಲೆ ಹೋಗಲ್ಲ."

ಮಾರನೇ ದಿನ ಅತ್ತೆ ಬೇಗ ಎದ್ದು ಮಾವನ ಹಳೇ ಬಿಳಿ ಶೀಟೊಂದನ್ನು ಎಂಟು ತುಂಡು ಹರಿದರು.

"ನನ್ನ ಹಾಸಿಗೆ ಮೇಲೇ ಕಣ್ಣು ಬಿತ್ತಾ?" ಎಂದರು ಮಾವ.

"ನೆಲದ ಮೇಲೆ ಮಲಗಿ. ಬೆನ್ನಿಗೆ ಒಳ್ಳೇದು."

ಎಂಟು ತುಂಡುಗಳನ್ನೂ ಒಗೆದು, ಜಾಲಿಸಿ, ಹಿಂಡಿ, ಬುಟ್ಟಿಗೆ ತುಂಬಿ, ಚುಕ್ಕಿಯ ತಲೆಯ ಮೇಲಿಟ್ಟು, ಅತ್ತೆ ಬೇಲಿ ಅಂಗಡಿಗೆ ಹೊರಟರು.

ಅಂಗಡಿಯ ಮುಂದೆ ದೊಡ್ಡ ಅಂಗಳ. ಅದರ ತುಂಬ ಒಂದೊಂದು ಮಾರಿನಷ್ಟು ಉದ್ದದ ಬೇಲಿಗಳು, ಏನನ್ನೂ ಕಾಯದೆ, ಸುಮ್ಮನೆ ನಿಂತಿದ್ದವು. ಮರದ್ದು, ಬಿದಿರಿನದು, ಕಪ್ಪು ಬಣ್ಣ ಹೊಡೆದ ಕಬ್ಬಿಣದ್ದು, ಅಲ್ಯೂಮಿನಿಯಂನದು, ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿಯದು. ಅಂಗಡಿಯವನು ಅಳತೆ ಟೇಪನ್ನು ಡಾಕ್ಟರರ ಹಾಗೆ ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಿದ್ದ. ಸುತ್ತಲಿನವರೆಲ್ಲ ಅವನನ್ನು ಟೇಪಣ್ಣ ಎನ್ನುತ್ತಿದ್ದರು.

"ಬನ್ನಿ ಅಕ್ಕಾ, ಬನ್ನಿ," ಎಂದು ಅವನು ಉಸಿರು ಬಿಡದೆ ಶುರು ಮಾಡಿದ. "ಬೇಲಿ ಅಂದ್ರೆ ಮನೆಯ ಮುಖ. ಬರೀ ಬೇಲಿ ಈಗ ಯಾರೂ ಹಾಕಿಸಲ್ಲ. ಮೇಲೆ ಈಟಿ ಮೊನೆ ಹಾಕಿಸ್ಬಹುದು. ಕಂಬದ ಮೇಲೆ ಬಿಸಿಲಿಂದ ಉರಿಯೋ ದೀಪ ಇದೆ. ಗೇಟಿಗೆ ತಾನಾಗೇ ಮುಚ್ಚೋ ಸ್ಪ್ರಿಂಗು. ಒಳಗಿದ್ದವರು ಕಾಣ್ಬಾರ್ದು ಅಂದ್ರೆ ಪಟ್ಟಿ ಹೆಣೆದು ಕೊಡ್ತೀವಿ..."

"ಈಟಿ ಯಾಕಪ್ಪ? ನಾವು ಯುದ್ಧಕ್ಕೆ ಹೊರಟಿಲ್ಲ," ಎಂದು ಅತ್ತೆ ಬುಟ್ಟಿ ಇಳಿಸಿಕೊಂಡು, ಮೊದಲ ತುಂಡನ್ನು ಕೊಡವಿ ಮರದ ಬೇಲಿಯ ಮೇಲೆ ಹರವಿದರು. ಎರಡನೆಯದನ್ನು ಬಿದಿರಿನ ಮೇಲೆ. ಮೂರನೆಯದನ್ನು ಕಪ್ಪು ಕಬ್ಬಿಣದ ಮೇಲೆ.

ಟೇಪಣ್ಣ ಕಣ್ಣು ಪಿಳಿಪಿಳಿ ಬಿಟ್ಟ. "ಅಕ್ಕಾ, ಇದು ಅಂಗಡಿ."

"ಅಂಗಡಿ ಅಂತಾನೇ ಬಂದಿದ್ದು. ಚಪ್ಪಲಿ ಅಂಗಡೀಲಿ ಕಾಲು ಹಾಕಿ ನೋಡೋಕೆ ಬಿಡಲ್ವಾ?"

ಅತ್ತೆ ಮಿಕ್ಕವನ್ನೂ ಒಂದೊಂದು ಬಗೆಯ ಬೇಲಿಗೆ ಹಾಕಿ, ಕೊನೆಯದನ್ನು ಒಂದು ಸ್ಟೀಲ್ ಪೈಪಿನ ಮೇಲೆ ಹರವಿದರು. ಅವನು ಎರಡು ಕುರ್ಚಿ ತರಿಸಿ ನೆರಳಿಗೆ ಹಾಕಿಸಿದ. ಚುಕ್ಕಿ ಕುರ್ಚಿಯ ತುದಿಯಲ್ಲಿ ಕೂತು ಎಂಟೂ ಬಟ್ಟೆಗಳನ್ನು ಕಾಯ್ದಳು. ಬಂದ ಗಿರಾಕಿಗಳು ಅವುಗಳನ್ನು ನೋಡಿ, ಅವಳನ್ನು ನೋಡಿ, ಏನೂ ಕೇಳದೆ ಹೋದರು.

ಸಂಜೆ ಅತ್ತೆ ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿದರು. ಮರದ್ದರ ಮೇಲೆ ಚಹಾ ಚೆಲ್ಲಿದಂಥ ತೆಳುವಾದ ಕಲೆ. ಬಿದಿರಿನದು ನೂಲು ಎಳೆದಿತ್ತು. ಮಿಕ್ಕ ಆರೂ ಹಾಲಿನಂತೆ ಇದ್ದವು. ಅತ್ತೆಯ ಕಣ್ಣು ಕಪ್ಪು ಕಬ್ಬಿಣದ ಮೇಲೆ ನಿಂತಿತು. ನೋಡಲು ಚೆನ್ನಾಗಿತ್ತು, ಗಟ್ಟಿಯಿತ್ತು.

"ಇದೇ ಆಗ್ಲಿ. ಯಾವಾಗ ಅಳತೆಗೆ ಬರ್ತೀಯಾ?"

"ನಾಳೆ ಮಧ್ಯಾಹ್ನವೇ, ಅಕ್ಕಾ. ದೀಪ ಬೇಡ್ವಾ? ಒಂದಾದ್ರೂ?"

"ಕತ್ತಲಾದ್ರೆ ನಾವು ಬಟ್ಟೆ ಒಣಗಿಸಲ್ಲ ಕಣಪ್ಪ."

ಮನೆಗೆ ಬಂದ ಮೇಲೆ ಚುಕ್ಕಿ ಆ ತುಂಡುಗಳನ್ನು ಮಡಚಲು ಕೂತಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ನಿಂತಿತು. ಬಟ್ಟೆ ಬಲು ಮೆತ್ತಗಿತ್ತು. ಆಸ್ಪತ್ರೆಯ ಶೀಟು ಒಣಗಿದ ಮೇಲೆ ಇಷ್ಟು ಮೆತ್ತಗಿರುವುದಿಲ್ಲ. ಅದು ಹೊಸ ಕಾಗದ ಮುಟ್ಟಿದ ಹಾಗೆ, ಸ್ವಲ್ಪ ಬಿರುಸು. ಅವಳು ಕೈಯಲ್ಲಿದ್ದ ತುಂಡನ್ನು ಮೂಸಿ ನೋಡಿದಳು. ಬ್ಲೀಚಿಂಗ್ ಪುಡಿಯ ವಾಸನೆಯೇ ಇಲ್ಲ.

ಆಗ ಅವಳಿಗೆ ಬೆಳಗಿನದೆಲ್ಲ ನೆನಪಾಯಿತು. ಅತ್ತೆ ಆ ಎಂಟು ತುಂಡುಗಳಿಗೆ ಬ್ಲೀಚಿಂಗ್ ಹಾಕಲಿಲ್ಲ. ಸೋಡಾ ಹಾಕಲಿಲ್ಲ. ಒಳ್ಳೆಯ ಸೋಪು ಹಚ್ಚಿ, ಮತ್ತೆ ಮತ್ತೆ ನೀರು ಬದಲಿಸಿ, ಐದು ಸಲ ಜಾಲಿಸಿದರು. ಅದರಲ್ಲಿ ಮೋಸವೇನೂ ಇರಲಿಲ್ಲ. ನಾಲ್ಕು ಜನ ಓಡಾಡುವ ಅಂಗಡಿಯಲ್ಲಿ ತಾನು ಒಗೆದ ಬಟ್ಟೆ ಹರವುತ್ತೇನೆ ಎಂದರೆ ಒಗೆಯುವವಳು ಹೀಗೇ ಒಗೆಯುತ್ತಾಳೆ. ಮನೆಗೆ ಬರುವವರ ಮುಂದೆ ಹೊಸ ಲೋಟ ತೆಗೆದಿಟ್ಟಂತೆ, ಕೈ ತಾನಾಗಿಯೇ ಹಾಗೆ ಹೋಗಿತ್ತು. ಆದರೆ ದಿನದ ನಲವತ್ತು ಶೀಟುಗಳಿಗೆ ಐದು ಸಲ ಜಾಲಿಸುವಷ್ಟು ನೀರೂ ಇಲ್ಲ, ಹೊತ್ತೂ ಇಲ್ಲ. ಎರಡೇ ಸಲ. ಒಂದಿಷ್ಟು ಸೋಡಾ, ಒಂದಿಷ್ಟು ಬ್ಲೀಚಿಂಗ್ ಅವುಗಳಲ್ಲಿ ಉಳಿದೇ ಉಳಿಯುತ್ತದೆ. ಕಬ್ಬಿಣವನ್ನು ತಿನ್ನುವುದು ನೀರಿಗಿಂತ ಹೆಚ್ಚಾಗಿ ಅದೇ.

ಹೇಳಬೇಕು. ಹೇಳುವುದು ಹೇಗೆ? ಈ ಮನೆಗೆ ಬಂದ ಒಂದೂವರೆ ವರ್ಷದಲ್ಲಿ ಅವಳು ಅತ್ತೆಯ ಒಗೆತದ ಬಗ್ಗೆ ಒಂದು ಮಾತು ಆಡಿರಲಿಲ್ಲ. ಆಡುವಂಥದ್ದು ಸಿಕ್ಕಿಯೂ ಇರಲಿಲ್ಲ. ಅತ್ತೆ ಶೀಟು ಹಿಂಡುವುದನ್ನು ನೋಡುವುದೆಂದರೆ ಅವಳಿಗೆ ಇಷ್ಟ. ಒಂದು ತುದಿ ಮೊಣಕೈಗೆ ಸುತ್ತಿ, ಇನ್ನೊಂದನ್ನು ತಿರುಚಿ, ಕೊನೆಯ ಹನಿ ಬಿದ್ದದ್ದು ಕಿವಿಯಿಂದಲೇ ಗೊತ್ತಾಗುವ ಹಾಗೆ ತಲೆ ಓರೆ ಮಾಡುತ್ತಿದ್ದರು.

ಅತ್ತೆ ತೊಟ್ಟಿ ಉಜ್ಜುತ್ತಿದ್ದಲ್ಲಿಗೆ ಚುಕ್ಕಿ ಎರಡು ಬಟ್ಟೆ ಹಿಡಿದು ಹೋದಳು. ಒಂದು ಅಂಗಡಿಗೆ ಹೋಗಿಬಂದ ತುಂಡು, ಇನ್ನೊಂದು ಆಸ್ಪತ್ರೆಯ ದಿಂಬಿನ ಚೀಲ.

"ಅತ್ತೆ, ಇವೆರಡನ್ನೂ ಒಂದ್ಸಲ ಮುಟ್ಟಿ ನೋಡ್ತೀರಾ?"

"ಯಾಕೆ, ಕಲೆ ಇದೆಯಾ?"

"ಇಲ್ಲ. ಮುಟ್ಟಿ ನೋಡಿ, ಅಷ್ಟೇ."

ಅತ್ತೆ ಕೈ ಒರೆಸಿಕೊಂಡು ಮುಟ್ಟಿದರು. ಮತ್ತೆ ಮುಟ್ಟಿದರು. ಕೈಯಲ್ಲೇ ಎಲ್ಲ ಓದಿಕೊಂಡರು ಎನ್ನುವುದು ಚುಕ್ಕಿಗೆ ಅವರ ಕುತ್ತಿಗೆ ಕೆಂಪಾದದ್ದರಿಂದ ತಿಳಿಯಿತು.

"ಯಾರೂ ಕೇಳ್ಲಿಲ್ಲ ನಿನ್ನ," ಎಂದರು ಕೊನೆಗೆ. ತೊಟ್ಟಿಗೆ ಬೆನ್ನು ಬಗ್ಗಿಸಿ, ಆಗಲೇ ಉಜ್ಜಿದ್ದ ಜಾಗವನ್ನೇ ಮತ್ತೆ ಉಜ್ಜತೊಡಗಿದರು.

ಊಟದ ಹೊತ್ತಿಗೆ ಅತ್ತೆ ಸೊಸೆಯ ಮುಖ ನೋಡದೆ ಬಡಿಸಿದರು. ಮಾವ ಅತ್ತೆಯನ್ನೂ ಸೊಸೆಯನ್ನೂ ಸರದಿಯ ಮೇಲೆ ನೋಡಿ, "ಬೇಲಿ ಈಗ್ಲೇ ಹಾಕಿದ ಹಾಗಿದೆ ಮನೆ ಒಳಗೆ," ಎಂದರು. ಚುಕ್ಕಿಯ ಗಂಡ ತಲೆ ಎತ್ತದೆ ಉಂಡು ಎದ್ದ.

ಬೆಳಗ್ಗೆ ಚುಕ್ಕಿ ಏಳುವಷ್ಟರಲ್ಲಿ ತೊಟ್ಟಿಯಲ್ಲಿ ಸೋಡಾದ ನೊರೆ ಎದ್ದಿತ್ತು. ಅತ್ತೆ ಅದೇ ಎಂಟು ತುಂಡುಗಳನ್ನು ಆಸ್ಪತ್ರೆಯ ಶೀಟುಗಳ ಜೊತೆಯಲ್ಲೇ ನೆನೆಸಿ, ಅವುಗಳ ಜೊತೆಯಲ್ಲೇ ಒಗೆದು, ಎರಡೇ ಸಲ ಜಾಲಿಸಿ ಬುಟ್ಟಿಗೆ ಹಾಕಿದರು.

"ನಡಿ," ಎಂದರು.

ಟೇಪಣ್ಣ ಅಳತೆಗೆ ಹೊರಡಲು ಚೀಲ ಕಟ್ಟುತ್ತಿದ್ದ. ಇವರನ್ನು ನೋಡಿ ನಕ್ಕ. "ಅಕ್ಕಾ, ನಾನೇ ಬರ್ತಿದ್ನಲ್ಲ. ದೀಪದ ಮನಸ್ಸಾಯ್ತಾ?"

ಅಂಗಳದಲ್ಲಿ ಬೇರೆ ಗಿರಾಕಿಗಳೂ ಇದ್ದರು. ಕಾರಿನಲ್ಲಿ ಬಂದ ಗಂಡಹೆಂಡಿರು, ಒಬ್ಬ ಗುತ್ತಿಗೆದಾರ. ಅತ್ತೆ ಅವರು ಹೋಗಲಿ ಎಂದು ಕಾಯಬಹುದಿತ್ತು. ಬೇರೊಂದು ನೆಪ ಹೇಳಬಹುದಿತ್ತು. ಹಳೇ ಬೇಲಿಯ ಮೇಲೆ ತಪ್ಪು ಹೊರಿಸಿದಷ್ಟೇ ಸಲೀಸಾಗಿ ಸೊಸೆಯ ಮೇಲೂ ಹೊರಿಸಬಹುದಿತ್ತು. ಅವರು ಬುಟ್ಟಿಯನ್ನು ನೆಲಕ್ಕಿಟ್ಟು, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿದರು:

"ತಮ್ಮಾ, ನಿನ್ನೆ ನಾನು ತಂದಿದ್ದು ತೋರಿಸೋಕೆ ಅಂತ ಒಗೆದ ಬಟ್ಟೆ. ದಿನಾ ನಾವು ಒಗೆಯೋದು ಹೀಗಲ್ಲ. ಎರಡು ಸಲ ಜಾಲಿಸ್ತೀವಿ, ಬ್ಲೀಚಿಂಗು ಸೋಡಾ ಎಲ್ಲ ಉಳಿದಿರುತ್ತೆ. ನಿನ್ನೆ ನೋಡಿದ್ದು ಲೆಕ್ಕಕ್ಕಿಲ್ಲ. ಇವತ್ತು ಮೊದಲಿಂದ ನೋಡ್ಬೇಕು. ಮೂರು ದಿನ."

ಕಾರಿನ ಹೆಂಗಸು ಗಂಡನ ಕಡೆ ಹುಬ್ಬು ಹಾರಿಸಿದಳು. ಅತ್ತೆ ಅತ್ತ ನೋಡಲೇ ಇಲ್ಲ. ಮೂವತ್ತು ವರ್ಷದ ಹೆಸರನ್ನು ಅಂಗಳದ ಮಧ್ಯೆ ಇಳಿಸಿಟ್ಟು, ಬಟ್ಟೆ ಕೊಡವಿ ಹರವತೊಡಗಿದ್ದರು. ಚುಕ್ಕಿಗೆ ಅವರ ಪಕ್ಕ ನಿಂತಿರುವುದೇ ಒಂದು ದೊಡ್ಡಸ್ತಿಕೆಯಂತೆ ಅನಿಸಿತು.

ಟೇಪಣ್ಣ ತಲೆ ಕೆರೆದುಕೊಂಡ. ಆಮೇಲೆ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ಮೂರು ದಿನ ಅಂದ್ರೆ ಮೂರು ದಿನ. ಅಳತೆ ಎಲ್ಲೂ ಓಡಿಹೋಗಲ್ಲ."

ಮೂರು ದಿನವೂ ಚುಕ್ಕಿ ಅಂಗಡಿಯಲ್ಲಿ ಕೂತಳು. ಬಟ್ಟೆ ಒಣಗಿದೊಡನೆ ಮನೆಯಿಂದ ತಂದ ಸೋಡಾ, ಬ್ಲೀಚಿಂಗಿನ ನೀರಿನಲ್ಲಿ ಅದ್ದಿ, ಹಿಂಡಿ, ಅದೇ ಬೇಲಿಯ ಅದೇ ಜಾಗಕ್ಕೆ ಹರವುತ್ತಿದ್ದಳು. ಮೊದಲ ದಿನ ಟೇಪಣ್ಣ ದೂರದಿಂದ ನೋಡಿದ. ಎರಡನೇ ದಿನ ಗಿರಾಕಿಗಳಿಗೆ "ಅಲ್ಲಿ ಪರೀಕ್ಷೆ ನಡೀತಿದೆ, ಮುಟ್ಬೇಡಿ" ಎಂದು ಗಂಭೀರವಾಗಿ ಹೇಳತೊಡಗಿದ. ಮೂರನೇ ದಿನ ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ತಾನೇ ತೋಳು ಮಡಚಿ ಬಟ್ಟೆಗಳನ್ನು ಅದ್ದಿ ಹರವಿದ್ದ.

"ಹಿಂಡಿದ್ದು ಸಾಲ್ದು," ಎಂದಳು ಚುಕ್ಕಿ, ತೊಟ್ಟಿಕ್ಕುತ್ತಿದ್ದ ತುದಿಗಳನ್ನು ನೋಡಿ.

"ಬೇಲಿ ನೆಡೋ ಕೈ ತಂಗೀ ಇದು. ಇಷ್ಟು ಹಿಂಡಿದ್ದೇ ಹೆಚ್ಚು."

ಆ ಸಂಜೆ ಅತ್ತೆ ಬಂದರು. ಕಪ್ಪು ಕಬ್ಬಿಣದ ಮೇಲಿದ್ದ ಬಟ್ಟೆ ತೆಗೆದಾಗ, ಬೆಸುಗೆ ಇದ್ದ ಮೂರೂ ಕಡೆ ಮೂರು ಕಂದು ಚುಕ್ಕೆ ಮೂಡಿದ್ದವು. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಮೂರು ದಿನದ ಹಿಂದೆ ಐವತ್ತು ಅಡಿ ಹಾಕಿಸಿ ಬಿಡುತ್ತಿದ್ದದ್ದು ಇದನ್ನೇ. ಅಲ್ಯೂಮಿನಿಯಂ ಬೂದಿ ಬಣ್ಣದ ಗೆರೆ ಬಿಟ್ಟಿತ್ತು. ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿ ಕತ್ತರಿಸಿದ ತುದಿಗಳಲ್ಲಿ ಮಾತ್ರ ಕಲೆ ಬಿಟ್ಟಿತ್ತು, ಮೈಯೆಲ್ಲ ಚೊಕ್ಕ. ಆದರೆ ಅದು ಒದ್ದೆ ಬಟ್ಟೆಯ ಭಾರಕ್ಕೆ ನಡು ಬಗ್ಗಿಸಿ ಜೋತುಬಿದ್ದಿತ್ತು. ಪೂರಾ ಚೊಕ್ಕವಾಗಿದ್ದದ್ದು ಗೇಟಿನ ಹಿಡಿಗೆಂದು ಇಟ್ಟಿದ್ದ ಸ್ಟೀಲ್ ಪೈಪಿನ ಮೇಲಿನದೊಂದೇ.

"ಇಡೀ ಬೇಲಿ ಸ್ಟೀಲಿಂದು ಅಂದ್ರೆ ನಮ್ಮ ಕೈಗೆ ಎಟುಕಲ್ಲ," ಎಂದರು ಅತ್ತೆ.

"ಇಡೀ ಬೇಲಿ ಯಾಕಕ್ಕಾ? ಕೆಳಗೆ ಈ ಹಸಿರು ತಂತಿ. ಮೇಲೊಂದು ಸ್ಟೀಲ್ ಪೈಪು ಓಡಿಸೋಣ. ಬಟ್ಟೆ ಪೈಪಿನ ಮೇಲೆ ಕೂರುತ್ತೆ," ಎಂದ ಟೇಪಣ್ಣ. ಮಾತಿನ ಮಲ್ಲ ಈಗ ಮಾತು ಕಡಿಮೆ ಮಾಡಿ ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆಯುತ್ತಿದ್ದ.

ಚುಕ್ಕಿ ಆ ಗೆರೆಯನ್ನೇ ನೋಡಿದಳು. "ಅರ್ಧ ಶೀಟು ರಸ್ತೆ ಕಡೆ ಬೀಳುತ್ತೆ," ಎಂದಳು. "ಲಾರಿ ಧೂಳು."

ಹಳೇ ಬೇಲಿಯ ಮೇಲೂ ಅದೇ ಗೋಳು. ರಸ್ತೆ ಕಡೆಯ ಅರ್ಧವನ್ನು ಎಷ್ಟೋ ಸಲ ಎರಡನೇ ಬಾರಿ ಒಗೆಯಬೇಕಾಗುತ್ತಿತ್ತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅಂಗಳದಲ್ಲಿ ಒಂದು ಸುತ್ತು ನಡೆದರು. ಮೂಲೆಯಲ್ಲಿ ಒಂದಷ್ಟು ಕಂಬಗಳನ್ನು ಒರಗಿಸಿಟ್ಟಿದ್ದರು. ಅವುಗಳ ತಲೆಯ ಭಾಗ ಒಂದೂವರೆ ಅಡಿಯಷ್ಟು ಓರೆಯಾಗಿ ಬಾಗಿತ್ತು.

"ಇವು ಯಾಕೆ ಹೀಗೆ ತಲೆ ಬಗ್ಗಿಸಿವೆ?"

"ಅದು ಕಳ್ಳರಿಗೆ ಅಕ್ಕಾ. ಬಾಗಿದ ತುದಿ ರಸ್ತೆ ಕಡೆಗೆ ಬರೋ ಹಾಗೆ ನೆಟ್ಟು, ಅದಕ್ಕೆ ಮುಳ್ಳುತಂತಿ ಕಟ್ತೀವಿ. ಹತ್ತೋಕೆ ಆಗಲ್ಲ."

"ತಿರುಗಿಸಿ ನೆಟ್ರೆ?"

"ಹಂಗಂದ್ರೆ?"

"ತುದಿ ನಮ್ಮ ಮನೆ ಕಡೆ ಬರೋ ಹಾಗೆ. ಮುಳ್ಳುತಂತಿ ಜಾಗದಲ್ಲಿ ನಿನ್ನ ಪೈಪು."

ಟೇಪಣ್ಣ ನಕ್ಕುಬಿಟ್ಟ. "ಒಳಕ್ಕೆ ಬಗ್ಗಿಸಿ ನೆಡೋದು ಜೈಲಲ್ಲಿ ಮಾತ್ರ ಅಕ್ಕಾ. ಒಳಗಿರೋರು ಹೊರಗೆ ಹೋಗ್ಬಾರ್ದು ಅಂತ."

"ನಮ್ಮ ಶೀಟೂ ಹೊರಗೆ ಹೋಗ್ಬಾರ್ದು ಅಂತಾನೇ ತಾನೆ ಇಷ್ಟೊತ್ತು ಒದ್ದಾಡ್ತಿರೋದು?"

ಅವನ ನಗು ಅರ್ಧಕ್ಕೇ ನಿಂತಿತು. ಒಂದು ಕಂಬ ಎಳೆದು ತಂದು ನಿಲ್ಲಿಸಿದ, ತಿರುಗಿಸಿದ. ಬಾಗಿದ ತುದಿಯಿಂದ ಟೇಪು ಇಳಿಬಿಟ್ಟ. ಶೀಟು ಪೈಪಿನ ಮೇಲೆ ಬಿದ್ದರೆ ಎರಡೂ ಅರ್ಧ ಬೇಲಿಯ ಒಳಗೇ ಇಳಿಯುತ್ತಿದ್ದವು. ತಂತಿಗೆ ತಾಗದಂತೆ ಒಂದು ಗೇಣು ಬಿಡುವೂ ಇತ್ತು. ಅವನು ಕಂಬ ಬಿಟ್ಟು ಅತ್ತೆಯ ಮುಖ ನೋಡಿದ. ಇಪ್ಪತ್ತು ವರ್ಷದಿಂದ ಈ ಕಂಬ ಮಾರುತ್ತಿದ್ದವನು ಅದನ್ನು ಈಗ ತಾನೇ ಕಂಡವನ ಹಾಗಿದ್ದ.

ಅಲ್ಲಿಂದ ಮುಂದೆ ಅವನ ಕೈಚಳಕ. ಕಂಬಗಳಿಗೆ ಎರಡು ಸಲ ಬಣ್ಣ ಹೊಡೆಸಿದ. ಬೋಲ್ಟುಗಳೆಲ್ಲ ರಸ್ತೆ ಕಡೆಯಿಂದಲೇ ಬರುವಂತೆ ತೂತು ಕೊರೆಸಿದ. ತಂತಿಯ ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ಹೊರಕ್ಕೆ ಮಡಚಿದ. ಪೈಪು ಕಂಬದ ಮೇಲೆ ಕೂರುವಲ್ಲಿ ಕಬ್ಬಿಣ ತಾಗಬಾರದೆಂದು ರಬ್ಬರಿನ ಬಳೆ ತೊಡಿಸಿದ. ಆ ಬಳೆ ಯಾರೂ ಕೇಳಿರಲಿಲ್ಲ. ಅತ್ತೆ ಅದನ್ನು ಬೆರಳಿಂದ ಒತ್ತಿ ನೋಡಿ, "ಇದು ನಿನ್ನ ಈಟಿ ದೀಪಕ್ಕಿಂತ ಮೇಲು," ಎಂದರು. ಟೇಪಣ್ಣನ ಮುಖ ಅರಳಿತು.

ಎರಡು ದಿನದಲ್ಲಿ ಬೇಲಿ ನಿಂತಿತು. ರಸ್ತೆಯಲ್ಲಿ ಹೋಗುವವರು ನಿಂತು, ಕಂಬ ತಪ್ಪಾಗಿ ನೆಟ್ಟಿದ್ದೀರಿ ಎಂದು ಹೇಳಿ ಹೋದರು. ಮಾವ ಇಸ್ತ್ರಿ ಮೇಜಿನಿಂದಲೇ, "ಸರಿ, ನಾಳೆ ರಸ್ತೆ ತಿರುಗಿಸ್ತೀವಿ," ಎನ್ನುತ್ತಿದ್ದರು.

ಮೊದಲ ಬೆಳಗ್ಗೆ ನಲವತ್ತು ಶೀಟು ತೊಳೆದು ನಿಂತಾಗ ಅತ್ತೆ ಬಗ್ಗಿ ಇನ್ನೊಂದು ತೊಟ್ಟಿ ನೀರು ಬಿಟ್ಟರು.

"ಎರಡು ಸಲ ಆಯ್ತಲ್ಲ ಅತ್ತೆ?"

"ಮೂರನೇದು. ರೋಗಿಗಳ ಮೈಗೆ ತಾಗೋ ಬಟ್ಟೆ. ಬೇಲಿ ತಡೆಯುತ್ತೆ ಅಂತ ಮೈ ತಡೆಯುತ್ತಾ?" ಎಂದರು. "ಧೂಳು ಬಿದ್ದದ್ದನ್ನ ಮತ್ತೆ ಒಗೆಯೋ ನೀರು ಉಳೀತಲ್ಲ, ಅದು ಇಲ್ಲಿಗಾಯ್ತು."

ಪೈಪಿನ ಮೇಲೆ ಶೀಟುಗಳು ಹತ್ತು ಹತ್ತರಂತೆ, ಸರದಿಯ ಮೇಲೆ, ಸಾಲಾಗಿ ಬಿದ್ದವು. ಗಾಳಿ ಬಂದಾಗ ಐವತ್ತು ಅಡಿ ಓಣಿ ಪೂರಾ ಬಿಳಿಯಾಗಿ ಉಬ್ಬಿ ಇಳಿಯಿತು. ಸಂಜೆ ಚುಕ್ಕಿ ಒಂದೊಂದನ್ನೂ ಬೆಳಕಿಗೆ ಹಿಡಿದು, ಎರಡೂ ಮಗ್ಗುಲು ನೋಡಿ ಮಡಚಿದಳು. ಮಾವನಿಗೆ ಇಸ್ತ್ರಿ ಬಿಟ್ಟು ಬೇರೇನೂ ಮುಟ್ಟಲು ಬಿಡಲಿಲ್ಲ.

ಮಾರನೇ ದಿನ ಆಸ್ಪತ್ರೆಯಲ್ಲಿ ಸಿಸ್ಟರ್ ಗಂಟು ಬಿಚ್ಚಿಸಿದರು. ಮೇಲಿನದನ್ನು ಬಿಟ್ಟು ನಡುವಿನಿಂದ ಒಂದು ಎಳೆದು, ಕಿಟಕಿಗೆ ಒಯ್ದು, ಪೂರಾ ಬಿಚ್ಚಿ ನೋಡಿದರು. ಇನ್ನೊಂದು ಎಳೆದರು. ಮತ್ತೊಂದು. ಅತ್ತೆ ಕೈ ಕಟ್ಟಿ ನಿಂತಿದ್ದರು. ಚುಕ್ಕಿ ಆ ಬೆರಳುಗಳನ್ನು ನೋಡಿದಳು. ಬ್ಲೀಚಿಂಗಿನಲ್ಲಿ ಬಿಳಿಚಿ, ತುದಿಗಳಲ್ಲಿ ಸುಕ್ಕುಗಟ್ಟಿದ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

ಐದನೇ ಶೀಟನ್ನು ಸಿಸ್ಟರ್ ಕೆನ್ನೆಗೆ ತಾಗಿಸಿ ನೋಡಿದರು. "ಮೊದಲಿಗಿಂತ ಮೆತ್ತಗಿದೆ. ಏನು ಮಾಡಿದ್ರಿ?"

"ಮೊದಲು ಎರಡು ಸಲ ಜಾಲಿಸ್ತಿದ್ವಿ ಸಿಸ್ಟರ್. ಈಗ ಮೂರು," ಎಂದರು ಅತ್ತೆ.

ಇಷ್ಟು ದಿನ ಯಾಕೆ ಎರಡೇ ಎಂದು ಸಿಸ್ಟರ್ ಕೇಳಬಹುದಿತ್ತು. ಅತ್ತೆಯೂ ಆ ಪ್ರಶ್ನೆಗೆ ಕಾದಂತೆ ತಲೆ ಎತ್ತಿಯೇ ನಿಂತಿದ್ದರು. ಸಿಸ್ಟರ್ ಅವರನ್ನು ಒಂದು ಗಳಿಗೆ ನೋಡಿ, ಶೀಟನ್ನು ತಾವೇ ಮಡಚಿ, ಮೂಲೆಯಲ್ಲಿದ್ದ ಕೊಳೆ ಬಟ್ಟೆಯ ರಾಶಿಯತ್ತ ಕೈ ತೋರಿಸಿದರು.

"ಇವತ್ತು ಐವತ್ತೆರಡಿದೆ. ಮೇಲಿನ ವಾರ್ಡಿಂದೂ ಸೇರಿಸಿದ್ದೀನಿ. ಆಗುತ್ತಾ?"

"ಆಗುತ್ತೆ," ಎಂದರು ಅತ್ತೆ. ಹೊರಗೆ ಬಂದು ಗಂಟಿನ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಸೊಸೆಯ ಕೈಗೆ ಕೊಟ್ಟರು. ಭಾರ ಹೆಚ್ಚಾಗಿತ್ತು. ಇಬ್ಬರೂ ಹೆಜ್ಜೆ ಕೂಡಿಸಿಕೊಂಡು, ಬಿಸಿಲು ಏರುವ ಮೊದಲು ಮನೆ ಮುಟ್ಟಬೇಕೆಂದು ಬೇಗ ಬೇಗ ನಡೆದರು.